ಹುಲಿಗೊಂಬೆಯ ಬೆನ್ನ ಮೇಲೆ ಗಡವ

ಹಲಸಿನ ಹಪ್ಪಳ ಒಣಹಾಕಿದ ಅಂಗಳದಲ್ಲಿ ಹುಲಿಗೊಂಬೆ ಕೂರಿಸಿದ್ದೆವು. ಮೂರು ದಿನ ಮಂಗಗಳು ಅಡಿಕೆ ಮರದಿಂದ ಇಳಿಯಲಿಲ್ಲ. ನಾಲ್ಕನೆಯ ದಿನ ಮರಿಯೊಂದು ಬಂದು ಹುಲಿಯ ಬಾಲ ಎಳೆದು ನೋಡಿತು. ಐದನೆಯ ದಿನ ಗಡವ ಅದರ ಬೆನ್ನ ಮೇಲೆಯೇ ಕೂತು ಹಪ್ಪಳ ಮುಗಿಸಿತು!

2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೇ ತಲೆಗೂದಲಿನ ಡೈಯಿಂದ ಹುಲಿಪಟ್ಟೆ ಬಳಿದದ್ದು ಸುದ್ದಿಯಾಗಿತ್ತಲ್ಲ, ಆಗ ನಕ್ಕಿದ್ದೆ. ಅವರ ಲೆಕ್ಕ ಈಗ ಅರ್ಥವಾಯಿತು. ಗೊಂಬೆ ಕೂತಲ್ಲೇ ಕೂತಿರುತ್ತದೆ, ನಾಯಿ ಅಟ್ಟಿಸಿಕೊಂಡು ಓಡುತ್ತದೆ. ಮಂಗನಿಗೆ ಅಷ್ಟು ವ್ಯತ್ಯಾಸ ಗೊತ್ತು.

ನಮ್ಮ ನಾಯಿಗೂ ಬಳಿಯೋಣವೆಂದರೆ, ಅದು ಮಂಗ ಕಂಡರೆ ಬಚ್ಚಲೊಲೆ ಹಿಂದೆ ಸೇರುವ ಗಿರಾಕಿ. ಪಟ್ಟೆ ಬಳಿದರೆ ತನ್ನ ನೆರಳಿಗೇ ಬೆಚ್ಚೀತು. ಸದ್ಯಕ್ಕೆ ಅಮ್ಮನೇ ಕವಣೆ ಹಿಡಿದು ಹಪ್ಪಳದ ಪಕ್ಕ ಕೂರುತ್ತಾಳೆ.