ಮೇಜಿನ ಕೆಳಗೆ ಇಳಿದ ಗಾಯಕ

ಪಿಟೀಲು ಹಾಡುಗಾರರ ಬೆನ್ನು ಹಿಡಿದು ಹೋಗುತ್ತಿದೆ. ಮೃದಂಗದ ಪೆಟ್ಟು ಒಂದೊಂದೂ ಸ್ಪಷ್ಟ. ತಂಬೂರಿಯ ನಾದ ಕೋಣೆಯ ಎರಡೂ ಬದಿಗೆ ಹರಡಿಕೊಂಡಿದೆ. ಹಾಡುಗಾರರ ದನಿ ಮಾತ್ರ ಇಲ್ಲ. ಪರದೆಯ ಮೇಲೆ ಅವರು ಕಣ್ಣು ಮುಚ್ಚಿ, ಕೈಯೆತ್ತಿ ಹಾಡುತ್ತಲೇ ಇದ್ದಾರೆ.

‘ಏನಪ್ಪಾ ಇದು, ಪಕ್ಕವಾದ್ಯದೋರೆಲ್ಲ ಬಂದಿದ್ದಾರೆ, ಹಾಡೋರೇ ಬಂದಿಲ್ಲ’ ಅನ್ನುತ್ತಾರೆ ಚಿಕ್ಕಪ್ಪ.

ಮೈಸೂರಿನ ಸರಸ್ವತಿಪುರಂ, ಸಂಜೆಯ ಹೊತ್ತು. ನೀವೂ ದಿವಾನದ ಮೇಲೆ ನಮ್ಮ ಜೊತೆ ಕೂತಿದ್ದೀರಿ. ಎದುರಿಗೆ ಕಂಪ್ಯೂಟರು, ಅದರ ಎರಡು ಬದಿಗೆ ಎರಡು ಪುಟ್ಟ ಸ್ಪೀಕರು, ಪರದೆಯ ಕೆಳಗೆ ಅಡ್ಡಲಾಗಿ ಇನ್ನೊಂದು, ಮೇಜಿನ ಕಾಲ ಬಳಿ ವೂಫರ್ ಪೆಟ್ಟಿಗೆ. ಹಿಂಬದಿಗೆ ಇರಬೇಕಾದ ಎರಡು ಸ್ಪೀಕರುಗಳು ಪುಸ್ತಕದ ಕಪಾಟಿನ ಮೇಲೆ ಒಂದರ ಪಕ್ಕ ಒಂದು ನಿಂತಿವೆ. ಅಂಗಡಿಯವರು ಧ್ವನಿಕಾರ್ಡೇ ಹೋಗಿದೆ, ಹೊಸದು ಹಾಕಿಸಿ ಎಂದಿದ್ದಾರಂತೆ. ಚಿಕ್ಕಪ್ಪ ದುಡ್ಡು ತೆಗೆದಿಟ್ಟೂ ಆಗಿದೆ.

ದುಡ್ಡು ಅಲ್ಲೇ ಇರಲಿ. ಶಬ್ದ ನಡೆದು ಬರುವ ದಾರಿ ಒಂದೇ: ಕಡತ, ಪ್ಲೇಯರ್, ವಿಂಡೋಸ್, ಡ್ರೈವರ್, ವೈರು, ಸ್ಪೀಕರು. ಆ ದಾರಿಯಲ್ಲೇ ಒಂದೊಂದು ಹೆಜ್ಜೆ ನಡೆಯೋಣ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಮೊದಲು ಒಂದು ಹಳೆಯ ಚಿತ್ರಗೀತೆಯ ಎಂಪಿ3 ಹಾಕುತ್ತೇನೆ. ದನಿ ಗಟ್ಟಿಯಾಗಿ, ಸ್ವಚ್ಛವಾಗಿ ಬರುತ್ತದೆ. ಅಂದರೆ ಕಾರ್ಡು ಸತ್ತಿಲ್ಲ, ಎಡಬಲದ ಸ್ಪೀಕರುಗಳೂ ಸರಿಯಾಗಿವೆ. ಕೆಟ್ಟಿರುವುದು ಈ ಸಂಗೀತ ಕಛೇರಿಯ ಕಡತವೇ ಇರಬಹುದೇ? ವಿಎಲ್‌ಸಿಯ ಟೂಲ್ಸ್ ಪಟ್ಟಿಯಲ್ಲಿ ಕೋಡೆಕ್ ಇನ್ಫರ್ಮೇಶನ್ ತೆರೆಯುತ್ತೇನೆ. ಚಾನೆಲ್ ಎಂಬ ಸಾಲಿನಲ್ಲಿ ‘3ಎಫ್2ಆರ್/ಎಲ್‌ಎಫ್‌ಇ’ ಎಂದಿದೆ: ಮುಂದೆ ಮೂರು, ಹಿಂದೆ ಎರಡು, ಜೊತೆಗೆ ತಗ್ಗಿನ ಸ್ವರಗಳಿಗೆಂದೇ ಇನ್ನೊಂದು. ಇದೇ 5.1. ಇಂಥ ಧ್ವನಿಮುದ್ರಣದಲ್ಲಿ ವಾದ್ಯಗಳನ್ನು ಎಡಬಲಕ್ಕೆ ಹರಡಿ, ಹಾಡುವ ದನಿಯನ್ನು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ ಕೂರಿಸುತ್ತಾರೆ. ನಡುವಿನದು ಕೈಕೊಟ್ಟರೆ ಕಛೇರಿಯಿಂದ ಗಾಯಕರು ಎದ್ದುಹೋದಂತೆಯೇ.

ದನಿ ಕಡತದಲ್ಲಿ ಇದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ವಿಂಡೋಸ್‌ನ ಸೌಂಡ್ ಕಿಟಕಿಯಲ್ಲಿ ಪ್ಲೇಬ್ಯಾಕ್ ತೆರೆದು, ಸ್ಪೀಕರ್ಸ್ ಆರಿಸಿ, ಕಾನ್ಫಿಗರ್ ಒತ್ತಿ, 5.1 ಇದ್ದದ್ದನ್ನು ಸ್ಟೀರಿಯೊ ಮಾಡುತ್ತೇನೆ. ಪ್ಲೇಯರ್ ಮುಚ್ಚಿ ಮತ್ತೆ ತೆರೆಯುತ್ತೇನೆ. ಈಗ ಹಾಡುಗಾರರು ಬಂದೇಬಿಟ್ಟರು. ಎರಡೇ ಸ್ಪೀಕರು ಎಂದು ಗೊತ್ತಾದ ಕೂಡಲೇ ನಡುವಿನ ಚಾನೆಲನ್ನು ಮೂರು ಡೆಸಿಬೆಲ್‌ನಷ್ಟು ತಗ್ಗಿಸಿ ಎಡಕ್ಕೂ ಬಲಕ್ಕೂ ಬೆರೆಸುವುದು ರೂಢಿ. ಚಿಕ್ಕಪ್ಪನಿಗೆ ಇಷ್ಟೇ ಸಾಕು. ನನಗೆ ಸಾಲದು. ಆರು ಚಾನೆಲ್‌ನ ಕೆಲಸವನ್ನು ಎರಡಕ್ಕೆ ಇಳಿಸಿ ‘ಸರಿಯಾಯಿತು’ ಎನ್ನುವುದು ರಿಪೇರಿಯಲ್ಲ. ಮತ್ತೆ 5.1ಕ್ಕೆ ಮರಳುತ್ತೇನೆ.

ಕಡತವನ್ನು ಆಲಾಪನೆಯ ಭಾಗಕ್ಕೆ ಎಳೆಯುತ್ತೇನೆ. ಈಗ ಕಿವಿಯನ್ನು ನೆಲಕ್ಕೆ ಹತ್ತಿರ ತನ್ನಿ. ಗಾಯಕರು ಮಂದ್ರಕ್ಕೆ ಇಳಿದಾಗ ಮೇಜಿನ ಕೆಳಗಿಂದ ಒಂದು ಗುಂಯ್‌ಗುಡುವಿಕೆ ಕೇಳುತ್ತದಲ್ಲವೇ? ಮೇಲಕ್ಕೇರಿ ತಾರಷಡ್ಜ ಮುಟ್ಟುವಾಗ ಅದು ಕರಗಿಹೋಗುತ್ತದೆ. ಮತ್ತೆ ಇಳಿದರೆ ಮತ್ತೆ ಗುಂಯ್. ಗಾಯಕರು ವೂಫರ್ ಪೆಟ್ಟಿಗೆಯೊಳಗೆ ಕೂತು ಹಾಡುತ್ತಿದ್ದಾರೆ! ಅವರ ಶ್ರುತಿ ‘ಸಿ’ ಎಂದಾದರೆ ಮಧ್ಯಷಡ್ಜ 130 ಹರ್ಟ್ಜ್‌ಗಿಂತ ತುಸು ಮೇಲಿರುತ್ತದೆ, ತಾರಷಡ್ಜ ಅದರ ಎರಡರಷ್ಟು. ವೂಫರ್ ತಗ್ಗಿನ ಸ್ವರಗಳನ್ನು ಮಾತ್ರ ಹೊರಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಆದ್ದರಿಂದ ಮಂದ್ರ ಹೊರಗೆ ಬರುತ್ತದೆ, ತಾರ ಒಳಗೇ ಉಳಿಯುತ್ತದೆ, ಸಾಹಿತ್ಯದ ಅಕ್ಷರವಂತೂ ಒಂದೂ ತಿಳಿಯುವುದಿಲ್ಲ.

ಕಾನ್ಫಿಗರ್ ಕಿಟಕಿಯಲ್ಲಿ ಸ್ಪೀಕರುಗಳ ಚಿತ್ರವಿದೆ. ಒಂದೊಂದನ್ನೂ ಒತ್ತುತ್ತೇನೆ. ಎಡ, ಸರಿ. ಬಲ, ಸರಿ. ನಡುವಿನದನ್ನು ಒತ್ತಿದರೆ ಮೇಜಿನ ಕೆಳಗೆ ‘ದುಂ’ ಎನ್ನುತ್ತದೆ. ವೂಫರ್ ಒತ್ತಿದರೆ ಪರದೆಯ ಕೆಳಗಿನ ಪುಟ್ಟ ಸ್ಪೀಕರು ಕ್ಷೀಣವಾಗಿ ಮಿಡುಕುತ್ತದೆ. ಎರಡೂ ಅದಲು ಬದಲಾಗಿವೆ.

ಚಿಕ್ಕಪ್ಪ ಟಾರ್ಚ್ ಹಿಡಿಯುತ್ತಾರೆ, ನಾನು ಕಂಪ್ಯೂಟರಿನ ಡಬ್ಬದ ಹಿಂದೆ ಬಗ್ಗುತ್ತೇನೆ. ಸ್ಪೀಕರಿನ ವೈರುಗಳ ತುದಿ ಹಸಿರು, ಕಪ್ಪು, ಕಿತ್ತಳೆ. ಕಂಪ್ಯೂಟರಿನಲ್ಲಿರುವ ತೂತುಗಳು ಹಸಿರು, ನೀಲಿ, ಗುಲಾಬಿ. ಬಣ್ಣ ಕೂಡದಿದ್ದರೂ ಜೋಡಣೆ ತಪ್ಪಲ್ಲ. ಮೂರೇ ತೂತಿರುವ ಬೋರ್ಡುಗಳಲ್ಲಿ 5.1 ಆರಿಸಿದಾಗ ಲೈನ್‌ಇನ್‌ನ ನೀಲಿ ತೂತು ಹಿಂಬದಿಯ ಸ್ಪೀಕರುಗಳಿಗೆ, ಮೈಕಿನ ಗುಲಾಬಿ ತೂತು ನಡುವಿನ ಸ್ಪೀಕರು ಮತ್ತು ವೂಫರಿಗೆ ಸಾಮಾನ್ಯವಾಗಿ ಮೀಸಲಾಗುತ್ತದೆ. ಕಪ್ಪು ನೀಲಿಯಲ್ಲಿದೆ, ಕಿತ್ತಳೆ ಗುಲಾಬಿಯಲ್ಲಿದೆ. ನೆಟ್ಟಗೇ ಇದೆ. ಆದರೆ ಆ ಕಿತ್ತಳೆ ಪಿನ್ನಿನೊಳಗೆ ಎರಡು ಚಾನೆಲ್‌ಗಳು ಒಟ್ಟಿಗೆ ಸಾಗುತ್ತವೆ. ತುದಿಯಲ್ಲಿ ಒಂದು, ಅದರ ಹಿಂದಿನ ಉಂಗುರದಲ್ಲಿ ಇನ್ನೊಂದು. ಯಾವುದು ಎಲ್ಲಿ ಎಂಬುದರಲ್ಲಿ ಸ್ಪೀಕರ್ ಮಾಡುವವರೆಲ್ಲ ಒಮ್ಮತದಿಂದಿಲ್ಲ. ಈ ತೊಡಕು ಗೊತ್ತಿರುವುದರಿಂದಲೇ ರಿಯಲ್‌ಟೆಕ್‌ನ ಹಲವು ನಿಯಂತ್ರಣ ಕಿಟಕಿಗಳಲ್ಲಿ ‘ಸ್ವಾಪ್ ಸೆಂಟರ್ / ಸಬ್‌ವೂಫರ್ ಔಟ್‌ಪುಟ್’ ಎಂಬ ಪುಟ್ಟ ಚೌಕ ಇಟ್ಟಿದ್ದಾರೆ.

ಚೌಕಕ್ಕೆ ಗುರುತು ಹಾಕುತ್ತೇನೆ. ಕಛೇರಿ ಮತ್ತೆ ಶುರು. ಗಾಯಕರು ಪರದೆಯ ನಟ್ಟನಡುವೆ ಎದ್ದು ಬಂದರು. ಚಿಕ್ಕಮ್ಮ ಒಗ್ಗರಣೆಯ ಸೌಟು ಹಿಡಿದೇ ಅಡಿಗೆಮನೆಯಿಂದ ಬಾಗಿಲಿಗೆ ಬರುತ್ತಾರೆ. ‘ಅಕ್ಷರ ಅಕ್ಷರ ಕೇಳ್ತಿದೆಯಲ್ರೀ!’

ಕಪಾಟಿನ ಮೇಲಿನ ಜೋಡಿಗೂ ಜಾಗ ಬದಲಿಸಬೇಕು. ಕೇಳುವವರ ನೇರ ಮುಂದನ್ನು ಸೊನ್ನೆ ಎಂದುಕೊಂಡರೆ ಮುಂದಿನ ಎಡಬಲ ಸ್ಪೀಕರುಗಳು 30 ಡಿಗ್ರಿಯಲ್ಲಿ, ಹಿಂಬದಿಯವು 100ರಿಂದ 120 ಡಿಗ್ರಿಯೊಳಗೆ ಇರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ನೀವು ಸ್ವಲ್ಪ ಎದ್ದರೆ ದಿವಾನದ ಎರಡು ಪಕ್ಕಕ್ಕೆ, ತುಸು ಹಿಂದಕ್ಕೆ ಇಡಬಹುದು. ಹಾಂ, ಈಗ ಚಪ್ಪಾಳೆ ನಮ್ಮ ಹಿಂದಿನ ಸಾಲುಗಳಿಂದ ಬರುತ್ತಿದೆ.

ಚಿಕ್ಕಪ್ಪನಿಗೆ ಇನ್ನೊಂದು ಆಸೆ. ಹಳೆಯ ಚಿತ್ರಗೀತೆಗಳೂ ಹೀಗೇ ಸುತ್ತಲೂ ಕೇಳಬೇಕು. ಸ್ಪೀಕರ್ ಫಿಲ್ ಎಂಬ ಸೌಲಭ್ಯ ಹಾಕಿದರೆ ಎರಡು ಚಾನೆಲ್‌ನ ಹಾಡು ಎಲ್ಲ ಸ್ಪೀಕರಿನಿಂದಲೂ ಬರುತ್ತದೆ. ನಾನು ಹಾಕಿಕೊಡಲು ಒಪ್ಪುವುದಿಲ್ಲ. ‘ಚಿಕ್ಕಪ್ಪ, ಈ ಹಳೇ ಹಾಡನ್ನ ಒಂದೇ ಟ್ರ್ಯಾಕಿನಲ್ಲಿ ಮುದ್ರಿಸಿದ್ದು. ನೀವು ಅದನ್ನ ಎದುರಿಗೇ ಕೇಳಬೇಕು.’ ಅಂಥ ಹಾಡಿನಲ್ಲಿ ಹಿಂಬದಿ ಮೌನವಾಗಿರುವುದು ದೋಷವೇ ಅಲ್ಲ. ಎಷ್ಟೋ ಮಂದಿ ಇದನ್ನೇ ಕೆಟ್ಟಿದೆ ಎಂದು ತಿಳಿದು ಡ್ರೈವರ್ ಕಿತ್ತು ಹಾಕುತ್ತಾರೆ.

ಆಪ್ಟಿಕಲ್ ಕೇಬಲ್ ಹಾಕಿಸಿದರೆ ಇನ್ನೂ ಚೆನ್ನ ಎಂದೂ ಅಂಗಡಿಯಲ್ಲಿ ಹೇಳಿದ್ದಾರಂತೆ. ಆ ಕೇಬಲ್ ಆರು ಚಾನೆಲ್ ಒಯ್ಯುವುದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್‌ನಂತೆ ಕುಗ್ಗಿಸಿದ ರೂಪದಲ್ಲಿ ಮಾತ್ರ. ಕುಗ್ಗಿಸದ ಪಿಸಿಎಂ ಆದರೆ ಎರಡೇ ಚಾನೆಲ್. ಆರು ಚಾನೆಲ್‌ನ ಫ್ಲ್ಯಾಕ್ ಕಡತ ನುಡಿಯುವಾಗ ಪಿಸಿಎಂ ಆಗಿಯೇ ಬಿಚ್ಚಿಕೊಳ್ಳುತ್ತದೆ, ಅದನ್ನು ಹಾಗೇ ಹಾಕಿದರೆ ಎಡಬಲ ಬಿಟ್ಟು ಬೇರೇನೂ ಕೇಳದು. ಎಚ್‌ಡಿಎಂಐಗೆ ಈ ಮಿತಿ ಇಲ್ಲ, ಅದು ಕುಗ್ಗಿಸದೆಯೇ ಎಂಟು ಚಾನೆಲ್ ಸಾಗಿಸಬಲ್ಲದು.

ತೆಗೆದಿಟ್ಟ ದುಡ್ಡನ್ನು ಚಿಕ್ಕಪ್ಪ ಬೀರುವಿಗೆ ಹಾಕುತ್ತಾರೆ. ನಿಮ್ಮ ಮನೆಯಲ್ಲೂ ಸಿನಿಮಾದ ಮಾತು ಮಂಕಾಗಿ ಸಂಗೀತ ಮಾತ್ರ ಅಬ್ಬರಿಸುತ್ತಿದ್ದರೆ, ಏನನ್ನೂ ಕೊಳ್ಳುವ ಮೊದಲು ಆ ಕಾನ್ಫಿಗರ್ ಕಿಟಕಿ ತೆರೆದು ಒಂದೊಂದೇ ಸ್ಪೀಕರನ್ನು ಒತ್ತಿ ನೋಡಿ, ವೂಫರಿನ ಬಳಿ ಬಗ್ಗಿ ಕಿವಿಗೊಡಿ.