ನೀರು ಒಗ್ಗುವುದು

ಹೊಸ ಮೀನನ್ನು ತೊಟ್ಟಿಗೆ ಬಿಡುವ ಮುಂಚೆ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಅಕ್ಲಿಮೇಷನ್ ಅನ್ನುತ್ತಾರೆ. ಅನುವಾದ ನನ್ನ ಹೊಟ್ಟೆಪಾಡು. ಔಷಧಿಯ ಚೀಟಿ, ಬ್ಯಾಂಕಿನ ಆ್ಯಪ್, ಮಿಕ್ಸರಿನ ಕೈಪಿಡಿ, ಏನು ಬಂದರೂ ಮಾಡುತ್ತೇನೆ. ಹೀಗಾಗಿ ಇಂಥ ಪದ ಕಂಡರೆ ಕನ್ನಡದಲ್ಲಿ ಏನಿದೆ ಎಂದು ಹುಡುಕುವುದು ಚಟವಾಗಿಬಿಟ್ಟಿದೆ. ಇದಕ್ಕೆ ಮಾತ್ರ ಹುಡುಕಬೇಕಾಗಲಿಲ್ಲ. ಊರು ಬಿಟ್ಟು ಹೋದವರು ನೆಗಡಿಯಾದರೂ, ಹೊಟ್ಟೆ ಕೆಟ್ಟರೂ, ಸುಮ್ಮನೆ ಬೇಸರವಾದರೂ "ಅಲ್ಲಿಯ ನೀರು ಒಗ್ಗಲಿಲ್ಲ" ಅನ್ನುತ್ತಾರಲ್ಲ, ಅದೇ. ಒಗ್ಗಿಸುವುದು.

ಕಳೆದ ಮಳೆಗಾಲದಲ್ಲಿ ಸೀವುಡ್ಸ್‌ನ ನನ್ನ ಮನೆಗೆ ಇಬ್ಬರು ಹೊಸಬರು ಬಂದರು. ಒಬ್ಬರು ಅಪ್ಪ. ಅವ್ವ ಹೋಗಿ ಐದು ತಿಂಗಳಾಗಿತ್ತು. ಧಾರವಾಡದ ಮನೆಗೆ ಬೀಗ ಹಾಕಿಸಿ ನಾನೇ ಕರೆದುಕೊಂಡು ಬಂದೆ. ಇನ್ನೊಬ್ಬರು ಬೆರಳುದ್ದದ ಒಂದು ಫೈರ್‌ಫಿಶ್. ಮುಂಭಾಗ ಬಿಳಿ, ಬಾಲದ ಕಡೆ ಬೆಂಕಿಯ ಬಣ್ಣ, ಬೆನ್ನ ಮೇಲೆ ಜುಟ್ಟಿನಂತೆ ನಿಂತ ಒಂದು ರೆಕ್ಕೆ.

ನನ್ನದು ಎರಡಡಿ ಉದ್ದದ ಉಪ್ಪುನೀರಿನ ತೊಟ್ಟಿ, ಸುಮಾರು 120 ಲೀಟರ್. ಶುದ್ಧ ಮಾಡಿದ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ ತುಂಬಬೇಕು. ಅಪ್ಪ ಬಂದ ಮೊದಲ ವಾರವೇ ಕೇಳಿದರು, "ಖಾಡಿ ಬಾಜೂಕ ಐತಿ, ಉಪ್ಪು ಯಾಕ ಕೊಳ್ಳತಿ?" ಖಾಡಿಯ ನೀರಿನಲ್ಲಿ ಊರಿನ ಕೊಳೆಯೂ ಇರುತ್ತದೆ ಎಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ.

ತೊಟ್ಟಿಯಲ್ಲಿ ಮೊದಲೇ ಮೂರು ಮೀನುಗಳಿದ್ದವು. ಕ್ಲೌನ್‌ಫಿಶ್‌ಗಳ ಒಂದು ಜೋಡಿ, ಒಂದು ನೀಲಿ ಡ್ಯಾಮ್ಸೆಲ್. ಕ್ಲೌನ್‌ಗಳಲ್ಲಿ ದೊಡ್ಡದು ಹೆಣ್ಣು, ಮನೆಯ ಯಜಮಾನಿ. ಅವಳು ಸತ್ತರೆ ಗಂಡೇ ಹೆಣ್ಣಾಗಿ ಆ ಜಾಗಕ್ಕೆ ಬರುತ್ತದೆ. ಈ ಜೋಡಿ ಒಂದು ಮೂಲೆ ಹಿಡಿದುಕೊಂಡು ತನ್ನ ಪಾಡಿಗೆ ಇರುತ್ತದೆ. ಡ್ಯಾಮ್ಸೆಲ್ ಅಂದರೆ ಕನ್ಯೆ. ಹೆಸರಿಟ್ಟವರು ಅದರ ಜೊತೆ ಒಂದು ದಿನವೂ ಕಳೆದಿರಲಿಕ್ಕಿಲ್ಲ. ಎರಡು ಇಂಚಿನ ಆ ಮೀನು ತೊಟ್ಟಿಯ ಮುಕ್ಕಾಲು ಪಾಲು ತನ್ನದೆಂದು ತಿಳಿದಿತ್ತು. ಗಾಜು ಒರೆಸಲು ಕೈ ಹಾಕಿದರೆ ನನ್ನ ಬೆರಳಿಗೂ ಬಂದು ಕುಕ್ಕುತ್ತಿತ್ತು.

ಫೈರ್‌ಫಿಶ್ ತಂದದ್ದು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಂಗಡಿಯಿಂದ. ಹಾರ್ಬರ್ ಲೈನಿನ ಗಾಡಿಯಲ್ಲಿ ಪ್ಲಾಸ್ಟಿಕ್ ಚೀಲವನ್ನು ಸೆರಗಿನೊಳಗೆ ಕೂಸಿನಂತೆ ಹಿಡಿದು ತಂದೆ. ಒಗ್ಗಿಸುವುದನ್ನೂ ಶಾಸ್ತ್ರೋಕ್ತವಾಗಿಯೇ ಮಾಡಿದೆ. ನೀರಿನ ಬಿಸಿ ಒಂದಾಗಲು ಮುಚ್ಚಿದ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟೆ. ಆಮೇಲೆ ಸಣ್ಣ ಕೊಳವೆಗೆ ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿಯಂತೆ ತೊಟ್ಟಿಯ ನೀರನ್ನು ಬಕೆಟ್ಟಿನಲ್ಲಿದ್ದ ಮೀನಿನ ಮೇಲೆ ಬಿಟ್ಟೆ. ಒಂದು ಗಂಟೆಯಲ್ಲಿ ಉಪ್ಪು, ಬಿಸಿ ಎಲ್ಲ ಸರಿಹೋಯಿತು. ಮೀನನ್ನು ಒಳಗೆ ಬಿಟ್ಟು ಕೆಲಸಕ್ಕೆ ಕುಳಿತೆ.

ಮರುದಿನ ಬೆಳಿಗ್ಗೆ ಅದು ಫ್ರಿಜ್ಜಿನ ಪಕ್ಕ, ನೆಲದ ಮೇಲೆ, ಒಣಗಿದ ಮೆಣಸಿನಕಾಯಿಯ ಹಾಗೆ ಬಿದ್ದಿತ್ತು. ಅಪ್ಪನೇ ನೋಡಿದ್ದು. ಫಿಲ್ಟರಿನ ಕೊಳವೆಗೆಂದು ಮುಚ್ಚಳದಲ್ಲಿ ಬಿಟ್ಟಿದ್ದ ಎರಡು ಬೆರಳಗಲದ ಸಂದಿಯಿಂದ ಹಾರಿತ್ತು. ಹೆದರಿದರೆ ಫೈರ್‌ಫಿಶ್ ಹಾರುತ್ತದೆ ಎಂದು ನಾನು ಓದಿದ್ದೆ. ಓದಿಯೂ ಸಂದಿ ಮುಚ್ಚಿರಲಿಲ್ಲ. ರಾತ್ರಿಯೆಲ್ಲ ಡ್ಯಾಮ್ಸೆಲ್ ಅಟ್ಟಿಸಿಕೊಂಡು ಹೋಗಿರಬೇಕು.

ನಾನು ಡ್ಯಾಮ್ಸೆಲ್ಲನ್ನು ಬೈದೆ. ಅಪ್ಪ ಮೀನನ್ನು ಕಾಗದದಲ್ಲಿ ಎತ್ತಿಕೊಂಡು ಹೇಳಿದರು, "ಅದರ ಮನಿಯೊಳಗ ನೀ ತಂದು ಬಿಟ್ಟಿ. ಅದೇನು ಮಾಡೀತು?"

ಆ ತಿಂಗಳಲ್ಲಿ ಓದಿದ್ದು ಅಪ್ಪನ ಮಾತಿಗೇ ಟಿಪ್ಪಣಿ ಬರೆದಂತಿತ್ತು. ಪ್ರಾಣಿಗಳ ಆಕ್ರಮಣಶೀಲತೆಯ ಬಗ್ಗೆ 1963ರಲ್ಲಿ ಪುಸ್ತಕ ಬರೆದ ಕಾನ್ರಾಡ್ ಲೊರೆಂಟ್ಸ್, ಶುರು ಮಾಡಿದ್ದು ಹವಳದಿಬ್ಬದ ಬಣ್ಣದ ಮೀನುಗಳಿಂದಲೇ. ಕಾದಾಡುವುದು ಅವುಗಳ ದುರ್ಗುಣವಲ್ಲ, ಜಾಗಕ್ಕೆ ಅಂಟಿಕೊಂಡ ಸ್ವಭಾವ. ತನ್ನ ಜಾಗದ ನಡುವಿನಲ್ಲಿ ಪ್ರಾಣಿಗೆ ಧೈರ್ಯ ಹೆಚ್ಚು, ಅಂಚಿಗೆ ಬಂದಷ್ಟೂ ಕಡಿಮೆ. ಸಮುದ್ರದಲ್ಲಾದರೆ ಸೋತ ಮೀನು ಅಂಚು ದಾಟಿ ಹೋಗುತ್ತದೆ. ಎರಡಡಿಯ ತೊಟ್ಟಿಯಲ್ಲಿ ಅಂಚೇ ಇಲ್ಲ. 1954ರಲ್ಲಿ ಜೇಮ್ಸ್ ಫಿಶರ್ ಹಕ್ಕಿಗಳ ಬಗ್ಗೆ ಬರೆಯುತ್ತ ಇನ್ನೊಂದು ಮಾತು ಹೇಳಿದ್ದರು: ಜಾಗ ಕಾಯುವ ಪ್ರಾಣಿ ಅಪರಿಚಿತನ ಮೇಲೆ ಬೀಳುವಷ್ಟು ಜೋರಾಗಿ ಪರಿಚಿತ ನೆರೆಯವನ ಮೇಲೆ ಬೀಳುವುದಿಲ್ಲ. ಅಂಥ ನೆರೆಯವನನ್ನು ಅವರು 'ಪ್ರೀತಿಯ ವೈರಿ' ಎಂಬ ಅರ್ಥದಲ್ಲಿ ಕರೆದರು.

ನನ್ನ ತಪ್ಪು ತಿಳಿಯಿತು. ಬರುವ ಮೀನನ್ನು ನೀರಿಗೆ ಒಗ್ಗಿಸಿದ್ದೆ. ಇರುವ ಮೀನನ್ನು ಯಾವುದಕ್ಕೂ ಒಗ್ಗಿಸಿರಲಿಲ್ಲ.

ಎರಡನೆಯ ಸಲ ಎಲ್ಲ ತಿರುಗಿಸಿದೆ. ಮೊದಲು ಮುಚ್ಚಳಕ್ಕೆ ಬಲೆ ಕಟ್ಟಿದೆ. ತೂತುಗಳಿರುವ ಪಾರದರ್ಶಕ ಡಬ್ಬಿಯೊಂದನ್ನು ತೊಟ್ಟಿಯೊಳಗೆ ನೇತುಹಾಕಿ ಹೊಸ ಫೈರ್‌ಫಿಶ್ಶನ್ನು ಅದರಲ್ಲಿ ನಾಲ್ಕು ದಿನ ಇಟ್ಟೆ. ಡ್ಯಾಮ್ಸೆಲ್ ಬಂದು ಬಂದು ಗೋಡೆಗೆ ಮೂತಿ ಗುದ್ದಿತು. ಮೂರನೆಯ ದಿನಕ್ಕೆ ಗುದ್ದುವುದು ಕಡಿಮೆಯಾಯಿತು. ಐದನೆಯ ದಿನ ದೀಪ ಆರಿಸಿ, ಕಲ್ಲುಗಳನ್ನೆಲ್ಲ ಕಿತ್ತು ಬೇರೆ ರೀತಿ ಜೋಡಿಸಿದೆ. ಆಮೇಲೆ ಫೈರ್‌ಫಿಶ್ಶನ್ನು ಹೊರಗೆ ಬಿಟ್ಟು, ಡ್ಯಾಮ್ಸೆಲ್ಲನ್ನು ಹಿಡಿದು ಅದೇ ಡಬ್ಬಿಗೆ ಹಾಕಿದೆ. ಫೈರ್‌ಫಿಶ್ ಒಂದು ಕಲ್ಲಿನ ಬುಡದಲ್ಲಿ ಬಿಲ ಹುಡುಕಿಕೊಂಡಿತು. ಮೂರು ದಿನ ಬಿಟ್ಟು ಡ್ಯಾಮ್ಸೆಲ್ ಹೊರಬಂದಾಗ ಅದು ಕಾಯುತ್ತಿದ್ದ ಊರೇ ಅಲ್ಲಿರಲಿಲ್ಲ. ಆ ತೊಟ್ಟಿಯಲ್ಲಿ ಈಗ ಅದೇ ಹೊಸಬ.

ಅಪ್ಪ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡಿದರು. ಅವರು ಕುರ್ಚಿ ಹಾಕಿಕೊಂಡದ್ದು ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಫ್ರಿಜ್ಜಿಗೆ ಬೆನ್ನು ಕೊಟ್ಟು. ಬೇರೆ ಜಾಗವಿರಲಿಲ್ಲ. ಒಂದು ಬೆಡ್‌ರೂಮಿನ ಮನೆ. ಹಾಲಿನಲ್ಲಿರುವ ಒಂದೇ ಕಿಟಕಿಗೆ ನನ್ನ ಮೇಜು, ಗೋಡೆಗೆ ನನ್ನ ಪುಸ್ತಕ. ಅಪ್ಪನಿಗೆ ಫ್ರಿಜ್ಜಿನ ಪಕ್ಕದ ದಿವಾನ. ಬೆಳಿಗ್ಗೆ ಏಳಕ್ಕೆ ರೇಡಿಯೋ ಹಚ್ಚಿದರೆ "ಅಪ್ಪಾ, ನನಗ ಕೆಲಸ ಐತ್ರಿ" ಅನ್ನುತ್ತಿದ್ದೆ. "ನಿಮ್ಮ ಊರಿನ ನೀರು ನನಗ ಒಗ್ಗವಲ್ದು ನೋಡವಾ" ಎಂದು ಅವರು ಎರಡು ತಿಂಗಳಿಂದ ಹೇಳುತ್ತಿದ್ದರು. ನಾನು ಅದನ್ನು ನೀರಿನ ಮಾತೆಂದೇ ತಿಳಿದು, ಇದು ಮೋರ್ಬೆ ಅಣೆಕಟ್ಟಿನ ನೀರು, ಒಳ್ಳೆಯದು, ಬೇಕಾದರೆ ಕಾಸಿ ಕೊಡುತ್ತೇನೆ ಎಂದು ಉತ್ತರ ಕೊಟ್ಟಿದ್ದೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಎಂ.ಎ. ಮಾಡಿದವಳು ಕೊಟ್ಟ ಉತ್ತರ ಅದು.

ಈ ಊರಿನಲ್ಲಿ ನಾನು ಹಳಬಳೇನಲ್ಲ. ನವಿ ಮುಂಬಯಿ ಕಟ್ಟಲು ಸಿಡ್ಕೋ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಆಗ್ರಿ, ಕೋಳಿ ಜನರ ಹಳ್ಳಿಗಳಿದ್ದವು. ನಮ್ಮ ರೈಲು ನಿಲ್ದಾಣದ ಹೆಸರಿನಲ್ಲಿ ಸೀವುಡ್ಸ್, ದಾರಾವೆ ಎರಡೂ ಇವೆ. ದಾರಾವೆ ಅವರ ಊರು, ಸೀವುಡ್ಸ್ ನಾವು ಬಂದ ಮೇಲಿನ ಹೆಸರು. ಅಷ್ಟೆಲ್ಲ ಜಾಗ ಬಿಡಿಸಿಕೊಂಡು ಕಟ್ಟಿದ ಊರಿನಲ್ಲಿ ಎಂಟು ವರ್ಷ ಬಾಡಿಗೆಗಿದ್ದು ಒಂದು ಕಿಟಕಿಯನ್ನು ಹುಟ್ಟಿದಾಗಿನಿಂದ ನನ್ನದೇ ಅನ್ನುವ ಹಾಗೆ ಕಾಯುತ್ತಿದ್ದೆ.

ಮುಂದಿನ ಭಾನುವಾರ ಮೇಜನ್ನು ಬೆಡ್‌ರೂಮಿಗೆ ಎಳೆದೆವು. ದಿವಾನ ಕಿಟಕಿಗೆ ಬಂತು. ಒಂದು ಕಪಾಟು ಖಾಲಿ ಮಾಡಿ ಅಪ್ಪನಿಗೆ ಕೊಟ್ಟೆ. ಅವ್ವನ ಫೋಟೋ ಅಲ್ಲಿಗೆ ಹೋಯಿತು. ಅದು ಅಲ್ಲಿಯವರೆಗೆ ಅವರ ಚೀಲದಲ್ಲೇ ಇತ್ತೆಂದು ನನಗೆ ಗೊತ್ತಿರಲಿಲ್ಲ. ಮೊದಲ ವಾರ ಬೆಡ್‌ರೂಮಿನಲ್ಲಿ ನನಗೆ ಒಂದು ಸಾಲೂ ಸರಿಯಾಗಿ ಅನುವಾದವಾಗಲಿಲ್ಲ. ಬೆಳಕು ತಪ್ಪು ಕಡೆಯಿಂದ ಬೀಳುತ್ತಿತ್ತು. ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಹೇಳಲಾಗುತ್ತಿರಲಿಲ್ಲ.

ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಡ್ಯಾಮ್ಸೆಲ್ ಈಗಲೂ ದಿನಾ ಬೆಳಿಗ್ಗೆ ಫೈರ್‌ಫಿಶ್ಶನ್ನು ಅಟ್ಟಿಸುತ್ತದೆ. ನಡುವಿನ ಕಲ್ಲಿನವರೆಗೆ ಬಂದು ನಿಲ್ಲುತ್ತದೆ, ತಿರುಗಿ ಹೋಗುತ್ತದೆ. ಫೈರ್‌ಫಿಶ್ ಬಿಲದಿಂದ ಅರ್ಧ ಹೊರಗೆ ಬಂದು ಊಟ ಮಾಡುತ್ತದೆ. ಏಳಕ್ಕೆ ರೇಡಿಯೋ ಶುರುವಾಗುತ್ತದೆ, ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಅಪ್ಪ ನೀರು ಒಗ್ಗವಲ್ದು ಎಂದು ಈಗಲೂ ಅನ್ನುತ್ತಾರೆ. ಕಾಸಿ ಕೊಡುತ್ತೇನೆ ಎಂದು ನಾನು ಈಗ ಅನ್ನುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂರುತ್ತೇನೆ.