ಪೈಪುಗಳು ಕೂಡುವ ಜಾಗ

ತೊಗರಿ ರಾಶಿಯ ಹೊತ್ತಿಗೆ ನಮ್ಮ ಕೊಳಕೂರಿನ ಎರಿ ಹೊಲದ ದಾರಿಯಲ್ಲಿ ಚೀಲ ಹೇರಿದ ಟ್ರ್ಯಾಲಿ ಬರುವುದನ್ನು ನೋಡಬೇಕು. ಒಂದು ಗಾಲಿ ಒಣಗಿದ ಜಾಡಿನೊಳಗೆ, ಇನ್ನೊಂದು ದಿಬ್ಬದ ಮೇಲೆ. ನಡುವೆ ಚಾಸಿ ತಿರುಚಿ ನರಳುತ್ತದೆ. ಈ ತಿರುಚನ್ನು ತಡೆಯುವ ಫ್ರೇಮ್ ಬರೆಯುವುದೆಂದರೆ ನನಗೆ ಊಟ ನಿದ್ದೆ ಬೇಡ.

ನಾನು ಬರೆಯುವ ಫ್ರೇಮ್ ಬಾಹಾ ಸ್ಪರ್ಧೆಯ ಕಾರಿನದು. ವಿದ್ಯಾರ್ಥಿಗಳೇ ಕಟ್ಟಿದ ಒಂಟಿ ಸೀಟಿನ ಕಾರನ್ನು ಕಲ್ಲು ಗುಂಡಿಗಳಲ್ಲಿ ಓಡಿಸುವ ಈ ಸ್ಪರ್ಧೆ ಅಮೆರಿಕದಲ್ಲಿ 1976ರಲ್ಲಿ ಶುರುವಾಗಿ, 2007ರಲ್ಲಿ ಇಂದೋರ್ ಹತ್ತಿರದ ಪೀಥಂಪುರಕ್ಕೆ ಬಂತು. ಅದರ ಕೊನೆಯ ಪರೀಕ್ಷೆ ನಾಲ್ಕು ಗಂಟೆಯ ಓಟ. ಅಲ್ಲಿ ಕಾರು ಪಲ್ಟಿಯಾಗುವುದುಂಟು. ಅದಕ್ಕೇ ಹೆಲ್ಮೆಟ್ಟಿನ ಸುತ್ತ 152 ಮಿ.ಮೀ. ಜಾಗ ಬಿಡಲೇಬೇಕು. ಮೊದಲು ಚಾಲಕನನ್ನು ಕೂರಿಸಿ, ಆಮೇಲೆ ಅವನ ಸುತ್ತ ಗೆರೆ ಎಳೆಯುವುದೇ ಸರಿಯಾದ ಕ್ರಮ.

ನಿಯಮದ ಮೂಲ ಪೈಪು 25.4 ಮಿ.ಮೀ. ಹೊರವ್ಯಾಸದ, 3.05 ಮಿ.ಮೀ. ದಪ್ಪದ ಉಕ್ಕು. ಬಿಗಿತ, ಬಲ ಎರಡೂ ಅದಕ್ಕಿಂತ ಕಡಿಮೆಯಾಗದಿದ್ದರೆ ಬೇರೆ ಪೈಪೂ ನಡೆಯುತ್ತದೆ. 4130 ಕ್ರೋಮೋಲಿ ಉಕ್ಕಿನಲ್ಲಿ ವ್ಯಾಸವನ್ನು 31.75ಕ್ಕೆ ಹಿಗ್ಗಿಸಿ, ದಪ್ಪವನ್ನು 1.65ಕ್ಕೆ ಇಳಿಸಿ ನೋಡಿ: ಮೀಟರಿಗೆ 1.68 ಕೆಜಿ ಇದ್ದ ತೂಕ 1.22ಕ್ಕೆ ಇಳಿಯುತ್ತದೆ, ಬಿಗಿತ ಮಾತ್ರ ಏರುತ್ತದೆ! ಲೋಹ ನಡುವಿನಿಂದ ದೂರ ಸರಿದಷ್ಟೂ ಬಾಗಲು ಒಲ್ಲೆನ್ನುತ್ತದೆ. ಎಷ್ಟು ಸಲ ಲೆಕ್ಕ ಹಾಕಿದರೂ ಈ ಸಂತೋಷ ಹಳತಾಗಿಲ್ಲ.

ಆದರೂ ನನ್ನ ಜೀವ ಇರುವುದು ಪೈಪುಗಳು ಕೂಡುವ ಸಂಧಿಗಳಲ್ಲಿ. ಸಸ್ಪೆನ್ಷನ್ನಿನ ಹೊಡೆತ ಪೈಪಿನ ನಡುವಿಗೆ ಬಿದ್ದರೆ ಪೈಪು ಬಾಗುತ್ತದೆ. ಸಂಧಿಗೆ ಬಿದ್ದರೆ ಅದೇ ಹೊಡೆತ ಅಲ್ಲಿ ಸೇರಿದ ಪೈಪುಗಳಿಗೆಲ್ಲ ಹಂಚಿಹೋಗುತ್ತದೆ. ನಾಲ್ಕು ಪೈಪಿನ ಚೌಕ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಪೈಪು ಬಿದ್ದು ತ್ರಿಕೋನಗಳಾದರೆ ಅಲುಗುವುದಿಲ್ಲ. ಎಲ್ಲಿ ಈ ಓರೆ ಪೈಪು ಬೇಕು, ಎಲ್ಲಿ ಅದು ಬರೀ ಭಾರ ಎಂದು ಹುಡುಕುವುದರಲ್ಲಿ ರಾತ್ರಿ ಸರಿದದ್ದೇ ತಿಳಿಯುವುದಿಲ್ಲ.

ಪರದೆಯ ಮೇಲೆ ಕೂಡಿದ್ದು ಕೈಯಲ್ಲೂ ಕೂಡಬೇಕಲ್ಲ! ಕಾಗದದ ಅಚ್ಚನ್ನು ಪೈಪಿಗೆ ಸುತ್ತಿ, ಗುರುತು ಹಾಕಿ, ಗ್ರೈಂಡರಿನಿಂದ ತುದಿಯನ್ನು ಮೀನಿನ ಬಾಯಿಯಂತೆ ಕೆತ್ತಬೇಕು. ಕಲಬುರಗಿಯ ವರ್ಕ್‌ಶಾಪಿನ ಕಾಕಾ ಬೆಳಕಿಗೆ ಹಿಡಿದು ನೋಡುತ್ತಾರೆ. ಸಂದಿನಲ್ಲಿ ಬೆಳಕು ಕಂಡರೆ ಮುಗಿಯಿತು: “ಬಾಯಿ ಕೂಡಲಿಲ್ಲಂದ್ರ ವೆಲ್ಡಿಂಗ್ ಏನ್ ಮಾಡತದ ತಮ್ಮಾ?” ಎಲ್ಲ ಸಂಧಿಗಳಿಗೂ ಮೊದಲು ಟ್ಯಾಕ್ ಹಾಕಿ, ಆಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಪೂರ್ತಿ ವೆಲ್ಡ್ ಮಾಡುತ್ತಾರೆ. ಒಂದೇ ಕಡೆ ಕಾಯಿಸಿದರೆ ಫ್ರೇಮ್ ಅತ್ತಲೇ ಎಳೆದುಕೊಳ್ಳುತ್ತದೆ.

ಈ ಕೆಲಸಕ್ಕಿಳಿಯುವ ನಮ್ಮ ಕಡೆಯ ಹುಡುಗ ಹುಡುಗಿಯರೇ, ಉಕ್ಕು ಕೊಳ್ಳುವ ಮೊದಲು ಪಿವಿಸಿ ಪೈಪಿನಲ್ಲಿ ಪೂರ್ತಿ ಅಳತೆಯ ಫ್ರೇಮ್ ಕಟ್ಟಿ. ಒಳಗೆ ಕೂತು, ಬೆಲ್ಟ್ ಬಿಗಿದು, ಬಿಚ್ಚಿ ಹೊರಗೆ ಬನ್ನಿ. ಹೊರಬರಲು ನಿಯಮ ಕೊಡುವುದು ಐದೇ ಸೆಕೆಂಡು.